ಗೇರ್‌ಬಾಕ್ಸಿನ ಎಣ್ಣಿ ನೀನೇ ಹಾಕ್ಕೋ

ಮಾವಾ,

"ಹೆಂಡ್ತಿ ತಮ್ಮ ಅಂತ ಕೂಳು ಹಾಕೀನಿ, ಏಳನೇ ಕ್ಲಾಸೂ ಮುಗಿಸದ ಕತ್ತೆ ಇದು" ಅಂತ ವಾಚ್‌ಮನ್, ಬಾಜೂ ಮನಿ ಪಾಟೀಲ್ ಕಾಕಾ, ಅವರ ಸೊಸಿ, ಎಲ್ಲರ ಮುಂದೆ ಅಂದಿ. ಗೇರ್‌ಬಾಕ್ಸಿನ ಕೆಳಗಿನ ಎಣ್ಣಿ ಪ್ಯಾನಿನ ಬೋಲ್ಟ್ ಒಂದು ಬದಿಯಿಂದ ಸಾವಕಾಶ ಸಡಿಲ ಮಾಡಬೇಕು ಅಂತ ನಾ ಬಡಕೊಂಡೆ. ಅವಸರ ಮಾಡಿ ಎಲ್ಲಾ ಬಿಚ್ಚಿಸಿದವ ನೀನು. ಎಣ್ಣಿ ಪಾರ್ಕಿಂಗ್ ತುಂಬ ಹರಿದ ಮ್ಯಾಲೆ ಕತ್ತೆ ನಾನಾದೆ.

ಹೊಸ ಫಿಲ್ಟರ್, ಎಣ್ಣಿ ಡಬ್ಬಿ ಮಂಚದ ಕೆಳಗ ಅದಾವ. ಹಳೇ ಫಿಲ್ಟರಿನ ರಬ್ಬರ್ ರಿಂಗ್ ಮ್ಯಾಲೆ ಗೇರ್‌ಬಾಕ್ಸಿಗೇ ಅಂಟಿಕೊಂಡೈತಿ, ಅದನ್ನ ಕೀಳದೆ ಹೊಸದು ಕೂಡಂಗಿಲ್ಲ. ನಿನ್ನ ಹೊಟ್ಟಿ ಕಾರಿನ ಕೆಳಗ ಹೋಗಂಗಿಲ್ಲ ಅಂತ ಗೊತ್ತಿದ್ದೇ ಬರದೀನಿ.

ಎಣ್ಣಿ ತುಂಬದೆ ಚಾಲೂ ಮಾಡಿದರೆ ಗೇರ್‌ಬಾಕ್ಸ್ ಸುಡತೈತಿ. ಸುಡಲಿ. ನಾಳೆ ನಿನ್ನ ತಂಗಿನ್ನ ನೋಡಾಕ ಬದಲಾಪುರದಿಂದ ಬರೋ ಗಂಡಿನವರನ್ನ ಆಟೊಮ್ಯಾಟಿಕ್ ಕಾರಿನಾಗ ಕರ್ಕೊಂಡು ಬರ್ತೀನಿ ಅಂತ ಮೆರೆದಿದ್ದಿ. ಅವರು ಲೋಕಲ್ ರೈಲಿನಾಗ ನಿಂತು ಬೆವರಿಕೊಂಡು ಬಂದು ನಿನ್ನ ಬಡಾಯಿ ನೋಡಲಿ.

ನನ್ನ ಚೀಲ ಒಯ್ದೀನಿ. ಫೋನ್ ಹಚ್ಚಬ್ಯಾಡ.

ಅಕ್ಕ ಅಡಿಗಿಮನ್ಯಾಗಿಂದ "ರೊಟ್ಟಿ ಹಾಕ್ಲೇನೋ ಅಂಬು?" ಅಂತ ಕೇಳಾಕತ್ತಾಳ. ಕೆಳಗ ಪಾರ್ಕಿಂಗಿನಾಗ ನೀ ಅಂದದ್ದೆಲ್ಲಾ ಕೇಳಿಸಿಕೊಂಡು ಅಕಿನೂ ಸುಮ್ಮನ ನಿಂತಿದ್ದಳು. ಉತ್ತರ ಕೊಡದೇ ಹೊಂಟೀನಿ.