ಸಿಹಿ ಮಾರಿದವಳಿಗೆ ಉಪ್ಪು ನೀರು

ನವೆಂಬರ್ 14, ಗುರುವಾರ

ನಾನು ಯಾಕೆ "ಏನಿಲ್ಲ" ಎಂದೆ? ಬೆಳಗಿನಿಂದ ಇದೊಂದೇ ಕೊರೆಯುತ್ತಿದೆ.

ಒತಿಲಿಯಾ ಚಿಕ್ಕಮ್ಮನ ತಲೆಯ ಗೆಡ್ಡೆ ತೆಗೆಯುವ ಮೊದಲು ಅರಿವಳಿಕೆ ಕೊಡುವ ಡಾಕ್ಟರ್ ಬಂದರು. ಚಿಕ್ಕಮ್ಮನಿಗೆ ಇಂಗ್ಲಿಷ್ ಬಾರದು. ನನಗೂ ಅಷ್ಟಕ್ಕಷ್ಟೇ, ಆದರೂ ಇಬ್ಬರ ಮಾತನ್ನೂ ನಾನೇ ಅನುವಾದಿಸಿ ಹೇಳಬೇಕಾಯಿತು. ಡಾಕ್ಟರ್ ತೂಗುಹಾಕಿದ್ದ ಚೀಲ ತೋರಿಸಿ, "ಸಕ್ಕರೆ ಇರೋ ಡ್ರಿಪ್ ಹಾಕಲ್ಲ, ಮೆದುಳು ಊದಿಕೊಳ್ಳುತ್ತೆ. ಉಪ್ಪು ನೀರು ಮಾತ್ರ, ಅದೂ ಅಳೆದು ಅಳೆದು" ಎಂದರು. ಅದನ್ನು ಚಿಕ್ಕಮ್ಮನಿಗೆ ನಮ್ಮೂರಿನ ಮಾತಿನಲ್ಲಿ ಹೇಳಿದೆ.

ಚಿಕ್ಕಮ್ಮ ಬೋಳಿಸಿದ ತಲೆ ಸವರಿಕೊಂಡು ನಕ್ಕಳು. "ಹತ್ತೊಂಬತ್ತು ವರ್ಷ ಹ್ಯೂಸ್ಟನ್ ಬೀದೀಲಿ ಸಿಹಿ ಗಂಜಿ ಮಾರಿದೋಳಿಗೆ ಬರೀ ಉಪ್ಪು ನೀರಾ! ಒಂದು ಚಮಚ ಸಕ್ಕರೆ ಹಾಕೋಕೆ ಹೇಳೇ. ನನ್ನ ಗಿರಾಕಿಗಳಿಗೆ ಗೊತ್ತಾದ್ರೆ ಮಾನ ಹೋಗುತ್ತೆ."

"ಏನಂತಾರೆ?" ಡಾಕ್ಟರ್ ಕೇಳಿದರು. ಸುತ್ತ ಐದಾರು ಜನ ನಿಂತಿದ್ದರು. ನನ್ನ ಇಂಗ್ಲಿಷ್‌ಗೆ ನಗುತ್ತಾರೆಂದು ನಾಚಿಕೆಯಾಯಿತು. "ಏನಿಲ್ಲ" ಎಂದೆ.

ಚಿಕ್ಕಮ್ಮ ಡಾಕ್ಟರ್ ಮುಖವನ್ನೇ ನೋಡುತ್ತಿದ್ದಳು. "ನಗಲೇ ಇಲ್ವಲ್ಲೇ! ಸರಿಯಾಗಿ ಹೇಳಿದ್ಯಾ?"

"ಹೇಳ್ದೆ ಚಿಕ್ಕಮ್ಮ."

"ಕಲ್ಲು ಮನಸ್ಸಿನೋರು ಬಿಡು" ಎಂದಳು. ಆಮೇಲೆ ಅವಳ ಮಂಚವನ್ನು ಆಪರೇಷನ್‌ಗೆ ಒಳಗೆ ತಳ್ಳಿಕೊಂಡು ಹೋದರು.

ಮಧ್ಯಾಹ್ನ ಆ ಡಾಕ್ಟರ್ ಹೊರಗೆ ಬಂದು ನನ್ನ ಪಕ್ಕ ಕೂತರು. ಮೆದುಳಿನ ನೀರೆಳೆಯುವ ಔಷಧಿ ಕೊಟ್ಟರೂ ಊತ ಇಳಿಯಲಿಲ್ಲವಂತೆ. ಚಿಕ್ಕಮ್ಮ ಹೋಗಿಬಿಟ್ಟಳು.

ಆಗ ಅವಳ ಮಾತನ್ನು ಹೇಳಿದೆ. ತಪ್ಪು ತಪ್ಪು ಇಂಗ್ಲಿಷ್‌ನಲ್ಲಿ, ಸಕ್ಕರೆ, ಗಿರಾಕಿ, ಮಾನ, ಎಲ್ಲವನ್ನೂ. ಅವರು ನಗಲಿಲ್ಲ. ಮುಖ ಮುಚ್ಚಿಕೊಂಡರು.

ಬೆಳಿಗ್ಗೆ ಹೇಳಿದ್ದರೆ ನಗುತ್ತಿದ್ದರು. ಖಂಡಿತ ನಗುತ್ತಿದ್ದರು. ಆ ನಗು ಕೇಳಿಸಿಕೊಂಡೇ ಚಿಕ್ಕಮ್ಮ ಒಳಗೆ ಹೋಗುತ್ತಿದ್ದಳು.