ಚಿಲಕಕ್ಕೆ ಶಾಲೆ ಸಿಕ್ಕಿದ್ದು

ಜೂನ್ 16, ಭಾನುವಾರ

ನನ್ನ ನರ್ಸಮ್ಮನಿಗೆ,

ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನೀನೂ ಹಾಗೇ ಇದ್ದೀಯೆಂದು ನಂಬಿ ಬರೆಯುತ್ತಿದ್ದೇನೆ. ಉತ್ತರ ಇಷ್ಟು ತಡವಾಯಿತೆಂದು ಮುನಿಸಿಕೊಂಡಿರುತ್ತೀಯ. ಮುನಿಸಿಕೋ, ನಿನಗೆ ಆ ಹಕ್ಕಿದೆ. ಫೋನಿನಲ್ಲೇ ಎಲ್ಲ ಹೇಳಿಬಿಡೋಣವೆಂದರೆ ಮಗಳು ಕೈಯಿಂದ ಕಿತ್ತುಕೊಂಡು ತನ್ನ ಪುರಾಣ ತೆಗೆಯುತ್ತಾಳೆ. ಅವಳದು ಮುಗಿಯುವ ಹೊತ್ತಿಗೆ ನಿನಗೆ ವಾರ್ಡಿನಿಂದ ಕರೆ ಬಂದಿರುತ್ತದೆ. ಅಲ್ಲದೆ ಏನೂ ತೀರ್ಮಾನವಾಗದೆ ಬರೆದರೆ ನೀನು ಅಲ್ಲಿ ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತೀಯ. ಈಗ ತೀರ್ಮಾನವಾಗಿದೆ. ಕಾಲಿಗೆ ಸಿಕ್ಕಿಕೊಂಡರೆ ಬಿಡದ ನಮ್ಮ ಚಿಲಕಕ್ಕೆ, ನಿನ್ನ ಮಗಳಿಗೆ, ಶಾಲೆ ಸಿಕ್ಕಿದೆ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಟ್ಟೆ, ಇನ್ನು ನೆಮ್ಮದಿಯಾಗಿ ಕೂತು ಓದು.

ಮೇಲಿನ ಮನೆ ಅಜ್ಜಿಯ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಆದರೆ ಬಗ್ಗಬಾರದು, ಭಾರ ಎತ್ತಬಾರದು ಎಂದಿದ್ದಾರಂತೆ. “ನಿನ್ನ ಮಗಳು ಭಾರಾನೂ ಹೌದು, ದಿನಕ್ಕೆ ನೂರು ಸಲ ನನ್ನ ಬಗ್ಗಿಸೋಳೂ ಹೌದು” ಎಂದು ನಕ್ಕರು. ನಕ್ಕರೂ ಮುಖ ಸಪ್ಪಗಾಗಿತ್ತು. ನೀನು ಹೋದ ಮೇಲೆ ಅವಳನ್ನು ಅವರೇ ನೋಡಿಕೊಂಡವರಲ್ಲವೇ? ಶಿಶುವಿಹಾರ ಹುಡುಕಲೇಬೇಕಾದದ್ದು ಹೀಗೆ.

ಸುದ್ದಿ ತಿಳಿದ ಕೂಡಲೇ ನಮ್ಮಕ್ಕ ಬಂದಳು. ಒಂದು ಚೀಲ ಹಣ್ಣು, ಎರಡು ಚೀಲ ಬುದ್ಧಿಮಾತು. “ಇಷ್ಟು ಚಿಕ್ಕ ಮಗೂನ ಯಾರ್ಯಾರ ಕೈಗೋ ಕೊಡೋ ಬದಲು ಅವಳ ತಾಯೀನೇ ವಾಪಸ್ ಕರೆಸ್ಕೊಳ್ಳೋ. ಆ ನರ್ಸ್ ತರಬೇತಿ ಮುಂದಿನ ವರ್ಷಾನೂ ಇರತ್ತೆ” ಎಂದಳು.

“ತರಬೇತಿ ಇರತ್ತೆ ಅಕ್ಕ, ಸೀಟು ಇರಲ್ಲ. ಒಂದ್ಸಲ ಬಾಣಂತನ ಅಂತ ಬಿಟ್ಟಿದ್ದಾಳೆ. ಎರಡನೇ ಸಲ ನಾನು ಬಿಡಿಸಲ್ಲ.”

“ಹಾಗಾದ್ರೆ ನೀನೇ ಕೆಲಸ ಬಿಟ್ಟು ಮನೇಲಿ ಕೂತ್ಕೋ.”

“ಆಗ್ಲಿ. ಲಿಫ್ಟ್ ನಿಂತೋದಾಗ ನೀನು ಹೋಗಿ ಎಳಿ.”

ಸಿಟ್ಟಿನಲ್ಲಿದ್ದರೂ ಅವಳಿಗೆ ನಗು ತಡೆಯಲಾಗಲಿಲ್ಲ. ಆದರೆ ಮಾತನ್ನು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ. “ಸರಿಯಾದ ಜಾಗ ಸಿಗ್ಲಿಲ್ಲ ಅಂದ್ರೆ ನಾನೇ ಅವಳಿಗೆ ಬರೀತೀನಿ” ಎಂದು ಹೇಳಿಹೋದಳು. ಅದಕ್ಕೇ ನನಗೆ ಅವಸರ.

ಮೊದಲು ನಮ್ಮ ಬೀದಿಯ ಕೊನೆಯಲ್ಲಿರುವ ಶಾಲೆಗೇ ಸೇರಿಸಿದೆ. ಗೋಡೆಯ ತುಂಬ ಆನೆ, ಜಿರಾಫೆ. ಒಳಗೆ ಜಾರುಬಂಡೆ. ಅವರು ಕೊಟ್ಟ ಟೋಪಿ ಹಾಕಿಕೊಂಡು ಮಗಳು ಖುಷಿಯಿಂದಲೇ ಹೋದಳು. ಹನ್ನೆರಡಕ್ಕೆ ಬಿಡುತ್ತಾರೆ, ಊಟದ ಹೊತ್ತಿನಲ್ಲಿ ಓಡಿಬಂದು ಕರೆದುಕೊಂಡು ಹೋದರಾಯಿತು, ಆಮೇಲೆ ಮೇಲಿನ ಅಜ್ಜಿಯ ಹತ್ತಿರ ಮಲಗುತ್ತಾಳೆ ಎಂದು ನನ್ನ ಲೆಕ್ಕಾಚಾರ. ಕೆಲವು ದಿನ ನಡೆಯಿತು. ಆಮೇಲೊಂದು ದಿನ ದೊಡ್ಡ ಆಫೀಸ್ ಕಟ್ಟಡವೊಂದರಲ್ಲಿ ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತಿತು. ಒಳಗೆ ಅಲ್ಲಿಯೇ ಟೈಪಿಸ್ಟ್ ಆಗಿರುವ ಬಸುರಿ ಹೆಂಗಸು ಒಬ್ಬಳೇ ಸಿಕ್ಕಿಕೊಂಡಿದ್ದಳು. “ಗಾಳಿ ಬರ್ತಾ ಇಲ್ಲ ಅಣ್ಣ” ಎಂದು ಒಳಗಿನಿಂದ ಕೂಗುತ್ತಿದ್ದಳು. ನನ್ನ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಯಾರದೆಂದು ನನಗೆ ಗೊತ್ತು. ಕೈತುಂಬ ಗ್ರೀಸ್. ‘ಮಗಳನ್ನ ಕರ್ಕೊಂಡು ಬರ್ತೀನಿ, ಅಲ್ಲೀವರೆಗೂ ಹಾಗೇ ಇರಮ್ಮ’ ಎನ್ನಲಾಗುತ್ತದೆಯೇ?

ಅವಳನ್ನು ಇಳಿಸಿ, ನೀರು ಕುಡಿಸಿ, ನಾನು ಶಾಲೆ ತಲುಪುವಾಗ ಗೇಟಿಗೆ ಬೀಗ ಬಿದ್ದಿತ್ತು. ತಟ್ಟಿದ ಮೇಲೆ ಒಳಗೆ ಬಿಟ್ಟರು. ಮಗಳು ಆಫೀಸಿನ ದೊಡ್ಡ ಕುರ್ಚಿಯಲ್ಲಿ, ತೊಡೆಯ ಮೇಲೆ ಬ್ಯಾಗ್ ಇಟ್ಟುಕೊಂಡು ಕೂತಿದ್ದಳು. ಅತ್ತಿರಲಿಲ್ಲ. ಮುಖ್ಯಸ್ಥೆ ಬಯ್ಯಲೂ ಇಲ್ಲ. “ನಮ್ಮದು ಮನೇಲಿ ಯಾರಾದ್ರೂ ಇರೋರಿಗೆ ಮಾಡಿರೋ ಶಾಲೆ ಸಾರ್. ನಿಮ್ಮಂಥೋರಿಗೆ ಸರಿಹೋಗಲ್ಲ” ಎಂದರು. ಮೈ ಉರಿಯಿತು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು? ಮಗಳು ಎಂದಿನಂತೆ ನನ್ನ ಕಾಲಿಗೆ ತೆಕ್ಕೆಬಿದ್ದು ನೇತಾಡಿದ್ದರೆ ಸಮಾಧಾನವಾಗುತ್ತಿತ್ತು. ಅವತ್ತು ಅವಳು ನನ್ನನ್ನು ಮುಟ್ಟದೆ ಮುಂದೆ ಮುಂದೆ ನಡೆದುಹೋದಳು. ಮಾರನೆಯ ದಿನದಿಂದ ಅಲ್ಲಿಗೆ ಕಳಿಸಲಿಲ್ಲ.

ಎರಡನೆಯದನ್ನು ಅಕ್ಕನೇ ಹುಡುಕಿದಳು. ಸಂಜೆಯವರೆಗೂ ಇಟ್ಟುಕೊಳ್ಳುತ್ತಾರೆ, ನೆಲ ಕನ್ನಡಿಯಂತಿದೆ, ಮೂಲೆಮೂಲೆಗೂ ಕ್ಯಾಮೆರಾ. ಮಕ್ಕಳೆಲ್ಲ ಟಿವಿಯ ಮುಂದೆ ಸಾಲಾಗಿ ಕೂತಿದ್ದರು. “ಎಷ್ಟು ಶಿಸ್ತು ನೋಡೋ” ಎಂದಳು ಅಕ್ಕ. ನನಗೇಕೋ ಹಿಡಿಸಲಿಲ್ಲ. ಓಡಬೇಕಾದ ಮೋಟರ್ ಸದ್ದೇ ಮಾಡದಿದ್ದರೆ ನಾವು ಲಿಫ್ಟಿನವರು ಮೊದಲು ಅನುಮಾನಪಡುತ್ತೇವೆ. ಅಷ್ಟೊಂದು ಮಕ್ಕಳಿದ್ದೂ ಪಿಟ್ಟೆನ್ನದ ಮನೆ ಅದು. ‘ಗೋಡೆ ಮೇಲಿನ ಚಿತ್ರ ನೋಡಿ ಮರುಳಾಗ್ಬೇಡಿ, ಮೊದಲು ಬಚ್ಚಲು ನೋಡಿ’ ಎಂದು ನೀನು ಬರೆದಿದ್ದೆಯಲ್ಲ, ಕೇಳಿ ನೋಡಿದೆ. ನಲ್ಲಿ ನನ್ನ ಸೊಂಟದ ಎತ್ತರಕ್ಕಿತ್ತು. ಬಾಗಿಲಿಗೆ ಹೊರಗಿನಿಂದ ಚಿಲಕ, ಆಯಾ ಬಂದು ತೆಗೆದಾಗಲೇ ಮಕ್ಕಳು ಹೋಗಬೇಕು. ಅಕ್ಕನ ಮುಖವೇ ಕೆಟ್ಟಿತು. ಇಬ್ಬರೂ ಹೊರಗೆ ಬಂದೆವು.

ಇಷ್ಟಾಗುವಾಗ ಆ ಲಿಫ್ಟಿನ ಪೂರ್ತಿ ರಿಪೇರಿಗೆಂದು ಅದೇ ಕಟ್ಟಡಕ್ಕೆ ಮತ್ತೆ ಹೋಗಿದ್ದೆ. ಟೈಪಿಸ್ಟ್ ನನ್ನನ್ನು ನೋಡಿ ಬಂದಳು. “ಅವತ್ತು ನಿಮ್ಮ ಫೋನ್ ಅಷ್ಟು ಬಡ್ಕೋತಾ ಇತ್ತಲ್ಲ, ಮನೇಲಿ ಏನೂ ತೊಂದರೆ ಇಲ್ಲ ತಾನೇ?” ಎಂದಳು. ಅಷ್ಟು ವಿಚಾರಿಸಿದ್ದೇ ತಡ, ಎಲ್ಲ ಹೇಳಿಕೊಂಡುಬಿಟ್ಟೆ. “ಅಯ್ಯೋ, ಮಾರ್ಕೆಟ್ಟಿನ ಹಿಂದೆ ಇರೋದನ್ನ ನೋಡ್ಲಿಲ್ವಾ? ನನ್ನ ದೊಡ್ಡೋನು ಅಲ್ಲೇ ಬೆಳೆದಿದ್ದು” ಎಂದಳು.

ನೋಡಲು ಚೆಂದವಿಲ್ಲ, ಮುಂಚೆಯೇ ಹೇಳಿಬಿಡುತ್ತೇನೆ. ಹಳೆಯ ಗೋದಾಮಿನ ಮೂರು ಕೋಣೆ. ಅಂಗಳವೆಂದರೆ ನಮ್ಮ ಮಂಚದಷ್ಟು. ಹೊರಗೆ ಈರುಳ್ಳಿ ಮೂಟೆ ಇಳಿಸುವವರ ಕೂಗಾಟ, ಒಳಗೆ ಮಕ್ಕಳದು. ಆದರೆ ಬೆಳಿಗ್ಗೆ ಅಂಗಡಿ ತೆರೆಯುವವರಿಗಿಂತ ಮುಂಚೆ ತೆರೆಯುತ್ತಾರೆ. ನಲ್ಲಿ ಮೊಣಕಾಲೆತ್ತರಕ್ಕಿದೆ, ಬಚ್ಚಲ ನೆಲ ಒಣಗಿದೆ, ಸೋಪಿನ ತುಂಡುಗಳನ್ನು ಬಲೆಚೀಲದಲ್ಲಿ ಹಾಕಿ ತೂಗುಬಿಟ್ಟಿದ್ದಾರೆ. ಬೆರಳು ಸಿಕ್ಕಿಕೊಳ್ಳಬಾರದೆಂದು ಬಾಗಿಲಸಂದಿಗೆಲ್ಲ ಬಟ್ಟೆ ಸುತ್ತಿದ್ದಾರೆ. ಅದನ್ನು ಕಂಡು ನಾನು ಅರ್ಧ ಒಪ್ಪಿಬಿಟ್ಟೆ.

ಟೀಚರ್ ಎತ್ತರದ ಹೆಂಗಸು, ಒಡಕು ಗಂಟಲು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಗಳ ಎದುರು ಕುಕ್ಕರುಗಾಲಲ್ಲಿ ಕೂತು, “ನಿಂಗೆ ಸಿಟ್ಟು ಬಂದ್ರೆ ಏನ್ಮಾಡ್ತೀಯ?” ಎಂದರು.

“ಮಂಚದ ಕೆಳಗೆ ಹೋಗ್ತೀನಿ.”

“ಇಲ್ಲಿ ಮಂಚ ಇಲ್ವಲ್ಲಮ್ಮ.”

ಇವಳು ಕೋಣೆಯನ್ನೆಲ್ಲ ಒಂದು ಸುತ್ತು ನೋಡಿ, “ಆ ಮೇಜಿನ ಕೆಳಗೆ ಹೋಗ್ತೀನಿ” ಎಂದಳು.

“ಸರಿ ಹಾಗಾದ್ರೆ. ಇವತ್ತಿಂದ ಆ ಮೇಜು ನಿಂದು.”

ಆಮೇಲೆ ನನ್ನ ಸರದಿ. ತಡವಾದರೆ ಏನು ಮಾಡುತ್ತೀರಿ ಎಂದು ಹೆದರಿಕೊಂಡೇ ಕೇಳಿದೆ. “ಇಲ್ಲಿಗೆ ಬರೋರೆಲ್ಲ ದುಡಿಯೋರೇ. ಒಂದು ಫೋನ್ ಮಾಡಿ, ಸಾಕು. ನಾನೋ ಅಡುಗೆಯವರೋ ಒಬ್ಬರು ಇದ್ದೇ ಇರ್ತೀವಿ” ಎಂದರು. “ಆದ್ರೆ ಮೊದಲ ವಾರ ಬಿಟ್ಟು ಓಡೋ ಹಾಗಿಲ್ಲ. ಬೆಳಿಗ್ಗೆ ಒಂದಿಷ್ಟು ಹೊತ್ತು ಅವಳ ಜೊತೆ ಕೂರಬೇಕು.”

ಕೂತೆ. ಗೊಂಬೆಗೆ ಮಾಡಿಸಿದಂಥ ಪುಟ್ಟ ಕುರ್ಚಿಯಲ್ಲಿ ಮಡಚಿಕೊಂಡು ಕೂತು ಕಾಗದದ ದೋಣಿ ಮಾಡಿದೆ, ಕಿರುಗುಟ್ಟುವ ಗೇಟಿಗೆ ಎಣ್ಣೆ ಬಿಟ್ಟೆ. ಮೊದಲ ದಿನ ಮಗಳು ನನ್ನ ಕಾಲನ್ನು ಅವುಚಿಕೊಂಡವಳು ಬಿಡಲೇ ಇಲ್ಲ. ಟೀಚರ್ ಎಳೆಯಲೂ ಇಲ್ಲ, ಪುಸಲಾಯಿಸಲೂ ಇಲ್ಲ. “ಹಿಡ್ಕೊಂಡಿರ್ಲಿ ಬಿಡಿ, ಬೇಜಾರಾದ್ರೆ ಬಿಡ್ತಾಳೆ” ಎಂದು ಅವಳ ಪಕ್ಕದಲ್ಲೇ ಮಣ್ಣಿನ ಮುದ್ದೆ ಇಟ್ಟು ತಮ್ಮ ಪಾಡಿಗೆ ಹೋದರು. ಒಂದು ಕೈ ಮಣ್ಣಿಗೆ ಹೋಯಿತು. ಆಮೇಲೆ ಇನ್ನೊಂದು. ನನ್ನ ಪ್ಯಾಂಟಿನ ಮೇಲೆ ಕೆಸರಿನ ಐದು ಬೆರಳು ಉಳಿದವು. ವಾರ ಕಳೆಯುವಷ್ಟರಲ್ಲಿ, “ಅಪ್ಪ, ನೀನಿನ್ನೂ ಹೋಗಿಲ್ವಾ?” ಎಂದು ನನ್ನನ್ನೇ ಗದರಿಸಿದಳು.

ಅಕ್ಕ ಬಂದು ನೋಡಿದಳು. “ಈ ಗೋಡೆ ಸುಣ್ಣ ಕಂಡು ಯಾವ ಕಾಲ ಆಯ್ತೋ” ಎಂದು ಶುರುಮಾಡಿದವಳು, ಅಡುಗೆಯವರು ಒಂದೊಂದು ಮಗುವನ್ನೂ ಹೆಸರು ಹಿಡಿದು ಕರೆದು, ಯಾರಿಗೆ ಖಾರ ಬೇಡ, ಯಾರಿಗೆ ಮೊಸರು ಬೇಡ ಎಂದು ನೋಡಿ ಬಡಿಸುವುದನ್ನು ಬಾಗಿಲಲ್ಲಿ ನಿಂತು ಕಂಡಳು. ಹೊರಡುವಾಗ, “ಗುರುವಾರ ಗುರುವಾರ ನಾನು ಬಂದು ಕರ್ಕೊಂಡು ಹೋಗ್ತೀನಿ. ನೀನೇನು ಉಪಕಾರ ಅಂದ್ಕೋಬೇಡ, ನನ್ನ ಸೊಸೆ ಅವಳು” ಎಂದಳು. ನಿನಗೆ ಅವಳಿಂದ ಕಾಗದ ಬಂದರೆ ಹೆದರದೆ ಒಡೆದು ಓದು.

ಮಗಳು ಈಗ ತಾನೇ ಕೈ ತೊಳೆಯುತ್ತಾಳೆ, ನನಗೂ ತೊಳೆಸುತ್ತಾಳೆ. ರಾತ್ರಿ ಊಟಕ್ಕೆ ಮುಂಚೆ ನಾನು ಸಾಲಿನಲ್ಲಿ ನಿಲ್ಲಬೇಕಂತೆ. ಸಾಲಿನಲ್ಲಿ ನಾನೊಬ್ಬನೇ. ಮನೆ ಸರಾಗವಾಗಿ ನಡೆಯುತ್ತಿದೆ, ನನ್ನ ಮೇಲೆ ಭರವಸೆಯಿಡು. ತರಬೇತಿ ಬಿಟ್ಟು ಬರುವ ಯೋಚನೆಯನ್ನು ತಲೆಯ ಹತ್ತಿರಕ್ಕೂ ಸೇರಿಸಬೇಡ. ನಿನ್ನ ಕೈಗೆ ಬಂದ ಎಳೆಕೂಸುಗಳೆಲ್ಲ ಗಟ್ಟಿಯಾಗಿ ಅತ್ತು, ಹಾಲು ಕುಡಿದು, ತೂಕ ಹಿಡಿದು ಮನೆಗೆ ಹೋಗಲಿ. ಹೊತ್ತುಹೊತ್ತಿಗೆ ಊಟ ಮಾಡು. ನಿನಗೆ ಎಲ್ಲ ಒಳ್ಳೆಯದಾಗಲಿ.

ಎಂದೆಂದೂ ನಿನ್ನ,
ಲಿಫ್ಟಿನವನು

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹೋದ ವಾರ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ, “ಇವಳ ತಾಯಿ ಹೋಗಿ ಎಷ್ಟು ದಿನ ಆಯ್ತು?” ಎಂದರು. ನನಗೆ ತಕ್ಷಣ ತಿಳಿಯಲಿಲ್ಲ. ಯಾರು ಕೇಳಿದರೂ ಇವಳು “ನಮ್ಮಮ್ಮ ಇಲ್ಲ” ಎಂದಿದ್ದಾಳೆ. ಅಡುಗೆಯವರು ಪಾಪ, ಕಣ್ಣೊರೆಸಿಕೊಂಡು ಇವಳಿಗೇ ಮೊದಲು ಬಡಿಸುತ್ತಿದ್ದರಂತೆ. ವಿಷಯ ತಿಳಿದ ಮೇಲೆ ಟೀಚರ್ ಬಾಯಿಗೆ ಕೈ ಅಡ್ಡವಿಟ್ಟು ನಕ್ಕರು, ನಾನೂ ನಕ್ಕೆ. ದಾರಿಯಲ್ಲಿ ಮಗಳನ್ನು ಕೇಳಿದರೆ, “ಇಲ್ಲ ಅಲ್ವಾ?” ಎಂದಳು. ಬಾಗಿಲಿಗೆ ಬಂದವರಿಗೆ ನಾನೂ ‘ಅವಳಿಲ್ಲ’ ಎಂದೇ ಹೇಳುವುದು.

ಈಗ ಟೀಚರ್ ಹೇಳಿಕೊಟ್ಟಂತೆ, “ನಮ್ಮಮ್ಮ ಪಾಪುಗಳನ್ನ ನೋಡ್ಕೊಳ್ಳೋದು ಕಲಿಯೋಕೆ ಹೋಗಿದಾಳೆ” ಎಂದು ಹೆಮ್ಮೆಯಿಂದ ಹೇಳುತ್ತಾಳೆ. ನಿನ್ನೆ ಮಾತ್ರ ತಲೆ ಬಾಚಿಸಿಕೊಳ್ಳುತ್ತಾ, “ನಾನೂ ಪಾಪುನೇ ಅಲ್ವಾ ಅಪ್ಪ?” ಎಂದಳು. ಹೌದು ಎಂದೆ.

ರಜೆ ಸಿಕ್ಕರೆ ಒಂದೇ ದಿನಕ್ಕಾದರೂ ಸರಿ, ಬಂದು ಹೋಗು. ಸಂಜೆ ಅವಳನ್ನು ಕರೆದುಕೊಂಡು ಬರಲು ನೀನೇ ಒಳಗೆ ಹೋಗಬೇಕು. ನಾನು ಗೇಟಿನ ಆಚೆ ನಿಂತಿರುತ್ತೇನೆ.