ಮೇಳದ ಹನ್ನೆರಡನೆಯವನು

ಜೂನ್ ೩

ಬೆಳಗ್ಗೆ ಆರು ಜನಕ್ಕೆ ಕ್ಷೌರ. ನನ್ನ ಕೆಲಸಕ್ಕೆ ಮಾತು ಬೇಕಿಲ್ಲ, ಕುರ್ಚಿಯಲ್ಲಿ ಕೂತವರೇ ಆಡುತ್ತಾರೆ. ಸಂಜೆ ತಾಲೀಮು. ಎವಾಂಥಿಯಾ ಟೀಚರ್ ಬರೆದ ನಾಟಕ — ಕಡಲಿಗೆ ಹೋದ ಮಕ್ಕಳ ಹಡಗಿಗೆ ಕಾಯುವ ಊರಿನ ಕಥೆ. ನಾನು ಮೇಳದಲ್ಲಿ ಹನ್ನೆರಡನೆಯವನು. ಹನ್ನೊಂದು ಗಂಟಲಿನ ಜೊತೆ ಸೇರಿದರೆ ನನ್ನ ಉಗ್ಗು ಎಲ್ಲಿಗೋ ಹೋಗಿಬಿಡುತ್ತದೆ. ನಲವತ್ತನಾಲ್ಕನೇ ವಯಸ್ಸಿಗೆ ಗೊತ್ತಾದ ವಿಷಯ.

ಜೂನ್ ೧೯

ಬಯಲು ರಂಗಕ್ಕೆ ಪಕ್ಕದಿಂದ ಬರುವ ಪಾರೊಡೊಸ್ ಓಣಿಯಿಂದ ಸಾಲಾಗಿ ಬಂದು ದುಂಡು ಅಂಗಳದಲ್ಲಿ, ಒರ್ಖೀಸ್ತ್ರಾದಲ್ಲಿ, ನಿಲ್ಲಬೇಕು. ಇವತ್ತು ಎಡವಿದೆ.

"ಪ್ರೊದ್ರೊಮೆ, ಮುಖವಾಡ ಹಾಕ್ಕೊಂಡ್ರೆ ಕಾಲು ಕಾಣಲ್ಲ ಕಣೋ. ಪಕ್ಕದೋನ ಉಸಿರು ಕೇಳಿಸ್ಕೊಂಡು ನಡಿ," ಅಂದರು ಟೀಚರ್.

ಕೇಳಿಸಿಕೊಂಡು ನಡೆದೆ. ಸರಿಹೋಯಿತು.

ಜುಲೈ ೨

ಮೇಳದ ಮುಂದಾಳು ವ್ಲಾಸಿಸ್ ಗೋಡೆಗೆ ಬಣ್ಣ ಬಳಿಯುತ್ತಾ ಏಣಿಯಿಂದ ಬಿದ್ದ. ಕಾಲು ಮುರಿದಿದೆ. ಪ್ರದರ್ಶನಕ್ಕೆ ಹತ್ತೇ ದಿನ. ಟೀಚರ್ ಬೆರಳು ತೋರಿಸಿದ್ದು ನನ್ನ ಕಡೆ. ಮುಂದಾಳು ಒಬ್ಬನೇ ಹೇಳಬೇಕಾದ್ದು ಒಂದು ಸಾಲು... ಆಗಲ್ಲ ಅಂತ ತಲೆಯಾಡಿಸಿ ಮನೆಗೆ ಬಂದುಬಿಟ್ಟೆ.

ಜುಲೈ ೩

ಟೀಚರ್ ಅಂಗಡಿಗೇ ಬಂದರು. ಕುರ್ಚಿಯಲ್ಲಿ ಕೂತರು. "ತುದಿ ಸ್ವಲ್ಪ ಕತ್ತರಿಸು." ಆಮೇಲೆ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ —

"ಆರನೇ ಕ್ಲಾಸಲ್ಲಿ ಎಲ್ಲರ ಕೈಲೂ ಪಾಠ ಓದಿಸ್ತಿದ್ದೆ. ನಿನ್ನ ಸರದಿ ಬಂದ್ರೆ ದಾಟಿ ಮುಂದಿನೋನಿಗೆ ಹೇಳ್ತಿದ್ದೆ. ನಿನಗೆ ನೋವಾಗಬಾರ್ದು ಅಂತ."

"ಗ... ಗೊತ್ತು."

"ನೋವಾಯ್ತಾ?"

ಕತ್ತರಿ ನಿಂತಿತು. "ದ... ದಿನಾ."

ಟೀಚರ್ ಕನ್ನಡಿ ಬಿಟ್ಟು ನನ್ನ ಕಡೆಗೇ ತಿರುಗಿದರು. "ನಾನು ತಪ್ಪು ಮಾಡ್ದೆ ಕಣೋ. ಈ ಸಲ ದಾಟಲ್ಲ. ಎಷ್ಟು ಹೊತ್ತಾದ್ರೂ ಕಾಯ್ತೀನಿ."

ಕೂದಲು ಒಂದು ಕಡೆ ಗಿಡ್ಡವಾಯಿತು. ಕನ್ನಡಿಯಲ್ಲಿ ನೋಡಿಕೊಂಡು ನಕ್ಕರು. ಮುಂದಾಳಾಗಲು ಒಪ್ಪಿಕೊಂಡೆ.

ಜುಲೈ ೧೩, ಬೆಳಗ್ಗೆ ಏಳು

ನಿನ್ನೆ ಸಂಜೆ ಊರೆಲ್ಲ ಕಲ್ಲುಮೆಟ್ಟಿಲ ಮೇಲೆ. ಮುಖವಾಡದೊಳಗೆ ನನ್ನ ಉಸಿರೇ ನನಗೆ ಬಿಸಿ. ಸಾಲು ಬಂತು. ಒಂದು ಹೆಜ್ಜೆ ಮುಂದಿಟ್ಟೆ. "ತ..." ಅಲ್ಲೇ ಸಿಕ್ಕಿಕೊಂಡಿತು.

ಮಾತು ಮರೆತವರಿಗೆ ಎತ್ತಿಕೊಡುವ ಪ್ರಾಂಪ್ಟಿನ ಪುಸ್ತಕ ಮುಂದಿನ ಸಾಲಲ್ಲಿ ಕೂತ ಟೀಚರ್ ತೊಡೆಯ ಮೇಲಿತ್ತು. ಅವರು ತುಟಿ ಬಿಚ್ಚಲಿಲ್ಲ. ಹಿಂದಿನಿಂದ ಮೇಳದವರು ಯಾರೋ ನನ್ನ ಪರವಾಗಿ ಸಾಲು ಶುರುಮಾಡಿದರು. ಟೀಚರ್ ಕೈಯೆತ್ತಿ ತಡೆದರು. ಕಾದರು. ಊರೂ ಕಾಯಿತು.

"ತ... ತ... ತಾಯಂದಿರೇ, ಬಾಗಿಲು ತೆ... ತೆರೆಯಿರಿ. ಹಡಗು ಬಂತು."

ಉಗ್ಗಿದೆ. ಆದರೆ ಪೂರ್ತಿ ಹೇಳಿದೆ. ಮೂರನೆಯ ಸಾಲಿನ ಮುದುಕಿಯೊಬ್ಬಳು ಎದ್ದು ನಿಂತಳು, ಹಡಗು ನಿಜಕ್ಕೂ ಬಂದಿದೆ ಎಂಬಂತೆ.

ಆಟ ಮುಗಿದ ಮೇಲೆ ಟೀಚರ್ ತಾವೇ ನನ್ನ ಮುಖವಾಡ ಬಿಚ್ಚಿದರು. ಬೆವರು ಒರೆಸಿದರು.

"ಚೆನ್ನಾಗಿ ಓದ್ದೆ," ಅಂದರು.

ಜುಲೈ ೧೪, ಮಧ್ಯಾಹ್ನ

ಅಂಗಡಿ ಮುಚ್ಚಿ ಬಂದೆ. ಪಾತ್ರಾ ಪಟ್ಟಣದಲ್ಲಿರುವ ಅಕ್ಕನಿಗೆ ಇಷ್ಟು ವರ್ಷ ಬರೀ ಮೆಸೇಜು. ಇವತ್ತು ಫೋನನ್ನೇ ಹಚ್ಚಿದೆ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದೇನೆ. ರಿಂಗಾಗುತ್ತಿದೆ. ಅವಳು ಎತ್ತುವವರೆಗೆ ಇದನ್ನು ಬರೆಯುತ್ತಿದ್ದೇನೆ. ಮಲಗಿದ್ದಾಳೋ ಏನೋ... ಇಲ್ಲ, ಎತ್ತಿ—